ಕಾಲು ಸುತ್ತು

ಇಪ್ಪತ್ತೆಂಟು ವರ್ಷ ಪಂಪ್‌ಸೆಟ್ಟು ಕೂಡಿಸೀನಿ.
ಕಾಂಕ್ರೀಟು ಹಾಕು, ಬೋಲ್ಟು ಹೂಳು,
ಎರಡು ದಿನ ನೀರು ಹೊಡಿ, ಮೂರನೇ ದಿನ ಮಶಿನ್ನು ಇಡು.
ನೆಲ ಎಲ್ಲಿಗೂ ಹೋಗೂದಿಲ್ಲ.
ಅದಕ್ಕ ಮುಂಡರಗಿಯೊಳಗ ನನ್ನ ಪಾನಾಕ್ಕ ಅಷ್ಟು ಹೆಸರು.

ಕೆಂಚವ್ವ ಅಂಬಿಗೇರ ಫೋನ್ ಹಚ್ಚಿದ್ಳು:
ದಾವಲಸಾಬ, ದೋಣಿಗೆ ಇಂಜಿನ್ನು ಕೂಡಿಸಬೇಕು, ಬಾ.
ದೋಣಿಗೆ ನಾ ಎಂದೂ ಕೂಡಿಸಿಲ್ಲವ್ವ, ಅಂದ್ನಿ.
ನಾನೂ ಕೂಡಿಸಿಲ್ಲ. ಕೂಡಿ ಕೂಡಿಸೂಣು.

ಹಮ್ಮಿಗಿ ಹಿನ್ನೀರಿನ ದಂಡಿ.
ಹಸಿರು ಫೈಬರಿನ ದೋಣಿ, ಹಿಂಬದಿಗೆ ಒಂದು ಅಡ್ಡ ಹಲಗಿ.
ಗೋಣಿಚೀಲದಾಗ ಸುತ್ತಿ ಮಲಗಿಸಿದ್ದ ಇಂಜಿನ್ನು,
ಹೊಸಪೇಟಿಯಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು,
ತಲಿ ದಪ್ಪ, ಕಾಲು ಒಂದೇ,
ಆ ಕಾಲಿನ ತುದಿಗೆ ಮೂರೆಸಳಿನ ಪಂಖಾ.

ನಾ ಸೀದಾ ಕ್ಲಾಂಪು ಸಡಲಿಸಿದ್ನಿ.
ತಡಿ, ಅಂದ್ಳು.
ಬಗ್ಗಿ, ಕಲ್ಲಂಗಡಿ ಆರಿಸಾವರಂಗ
ಬೆರಳ ಗೆಣ್ಣಿನಿಂದ ಹಲಗಿ ಬಡಕೋತ ಹ್ವಾದ್ಳು.
ಠಕ್. ಠಕ್. ಠಕ್.
ಬಲಮೂಲ್ಯಾಗ, ದಬ್.
ಸ್ಕ್ರೂಡ್ರೈವರ್ ಒತ್ತಿ ನೋಡಿದ್ನಿ:
ಹಾಲಾಗ ನೆಂದ ರೊಟ್ಟ್ಯಾಗ ಇಳದಂಗ ಇಳೀತು.
ಮ್ಯಾಲಿನ ಬಣ್ಣ ಒಂದೇ ಗಟ್ಟಿ ಇತ್ತು.

ಹಿಂದಿನ ಇಂಜಿನ್ನಿನ ಸುದ್ದಿ ಆವಾಗ ತಗದ್ಳು.
ಬಾಡಿಗಿ ತಂದದ್ದು. ಮೈದುನ ಗುಡದಪ್ಪ
ಎರಡು ಸ್ಕ್ರೂ ಬರೇ ಕೈಲೆ ತಿರುವಿ, ಆತು, ಅಂದಿದ್ದ.
ನಡುಹೊಳಿಯೊಳಗ ಹ್ಯಾಂಡಲ್ ಜಗ್ಗಿದ ಕೂಡಲೆ
ಅದು ಎದ್ದು ನಿಂತು,
ಎಲ್ಲಾರನ್ನೂ ಒಮ್ಮೆ ನೋಡಿದಂಗ ಮಾಡಿ,
ಹಿಂದಕ್ಕ ಇಳದು ಹ್ವಾತು.
ಸ್ವಲ್ಪ ಹೊತ್ತು ಗುಳ್ಳಿ ಬಂದುವಂತ.
ಈಗ ಅದರಾಗ ಬಾಳೆಮೀನು ಸಂಸಾರ ಹೂಡ್ಯಾವ,
ಬಾಡಿಗಿ ನಾ ಕಟ್ಟಾಕತ್ತೀನಿ.

ಹಲಗಿ ಕೊಯ್ದು ತಗದಿವಿ. ಸಾ ಮಿಲ್ಲಿನಿಂದ ಮತ್ತಿ ಹಲಗಿ ಬಂತು,
ಎರಡಿಂಚು ದಪ್ಪ, ಎಣ್ಣಿ ಕುಡದು ಕರ್ರಗಾಗಿದ್ದು.
ಎತ್ತರಕ್ಕ ಒಂದು ದಿನ ಹಿಡೀತು:
ಮ್ಯಾಲಾದ್ರ ಪಂಖಾ ಗಾಳಿ ಕಡೀತೈತಿ,
ಕೆಳಗಾದ್ರ ಹೊಳೀನ್ನ ದೋಣಿ ಒಳಗ ಉಗುಳತೈತಿ.
ಆಕಿ ಮಗ ಮೈಲಾರಿ ಕೆಸರಾಗ ಅಂಗಾತ ಮಲಗಿ
ದೋಣಿ ತಳಕ್ಕ ನೂಲು ಹಿಡದು ಕೂಗಾಂವ:
ಇನ್ನೊಂದು ಬೆರಳು. ಅರ್ಧ ಬೆರಳು. ಸಾಕು.

ಆರಪಾರ ನಾಕು ತೂತು, ನಾಕು ಬೋಲ್ಟು,
ತೂತಿನ ಬಾಯಿಗೆ ಸಿಲಿಕಾನು,
ಹಳೇ ರೂಪಾಯಿಯಷ್ಟು ವಾಷರು, ನಟ್ಟಿನ ಮ್ಯಾಲೆ ನಟ್ಟು.
ಬಿಗೀತಾ ಬಿಗೀತಾ ಹೊಳೀತು ನನಗ:
ಪಂಪು ಕುಂತಲ್ಲೇ ಕುಂತು ನೀರು ಎಳೀತೈತಿ.
ಇದು ಹಂಗಲ್ಲ. ಮುಂದ ಹೋಗಾಕ
ತನ್ನನ್ನ ಹಿಡದ ಹಲಗಿನ್ನೇ ಒದೀಬೇಕು,
ಹಲಗಿ ಒದಿಸಿಕೊಂಡೂ ಬಿಡಬಾರದು.

ಎಲ್ಲಾ ಮುಗದ ಮ್ಯಾಲೆ ಆಕಿ ನೈಲಾನ್ ಹಗ್ಗ ತಂದ್ಳು.
ಇಂಜಿನ್ನಿನ ಕೊರಳಿಗೆ ಒಂದು ಗಂಟು,
ದೋಣಿಯೊಳಗಿನ ಕಬ್ಬಿಣದ ಬಳಿಗೆ ಇನ್ನೊಂದು.
ನನಗ ಸಿಟ್ಟು ಬಂತು.
ನನ್ನ ಬೋಲ್ಟಿನ ಮ್ಯಾಲೆ ನಂಬಿಕಿ ಇಲ್ಲೇನು?
ಐತಿ, ಅಂದ್ಳು.
ಅದಕ್ಕ ಸಣ್ಣ ಹಗ್ಗ ತಂದೀನಿ.

ಈಸು ಬರದ ನಾನು ನಡುಮಧ್ಯದಾಗ ಕುಂತ್ನಿ.
ಮೂರನೇ ಜಗ್ಗಿಗೆ ಇಂಜಿನ್ನು ಹತ್ತಿತು.
ಹಲಗಿ ನಡುಗಿದ್ದು ನನ್ನ ಹಲ್ಲಿಗೆ ಬಂತು.
ಆಚೆ ದಂಡಿ, ಅಲ್ಲಿಂದ ಈಚೆ, ಮತ್ತ ಆಚೆ,
ಜಾಲಿಗಿಡದಾಗಿನ ಕೊಕ್ಕರಿ ಎದ್ದು ಹಾರಿದುವು.
ನನ್ನ ಕಣ್ಣು ಮಾತ್ರ ನಾಕು ನಟ್ಟಿನ ಮ್ಯಾಗ.

ದಂಡಿಗೆ ಹತ್ತಿದ ಮ್ಯಾಲೆ, ಮತ್ತೊಮ್ಮೆ ಪಾನಾ ಹಾಕು, ಅಂದ್ಳು.
ಅಲ್ಲೇ ಐತಿ, ಎಲ್ಲಿ ಹೋಗತೈತಿ, ಅಂದ್ನಿ.
ಹಾಕು.
ಹಾಕಿದ್ನಿ.
ಕಾಲು ಸುತ್ತು ಬಂತು.
ಎರಡನೇದೂ ಬಂತು, ಮೂರನೇದೂ.
ನಾಕನೇದು ಜಪ್ಪಯ್ಯ ಅನಲಿಲ್ಲ.
ಆಕಿ ಕಡೆ ನೋಡಲಿಲ್ಲ ನಾ. ಆಕಿ ಎಲಿಅಡಿಕಿ ಚೀಲ ಬಿಚ್ಚಿದ್ಳು.

ಹೊಳ್ಳಿ ಬರೂ ಮುಂದ ಒಂದು ಹೊಲದ ಹತ್ರ ಗಾಡಿ ನಿಲ್ಲಿಸಿ
ಹನ್ನೊಂದು ವರ್ಷದ ಹಿಂದ ನಾನ ಕೂಡಿಸಿದ ಪಂಪಿಗೆ
ಪಾನಾ ಹಚ್ಚಿದ್ನಿ.
ಹೊಲದಾಂವ ಓಡಿ ಬಂದ: ಏನಾತು ಸಾಬ?
ಏನಿಲ್ಲ, ಅಂದ್ನಿ, ಸುಮ್ನ ನೋಡಾಕತ್ತೀನಿ.